ಮಹಾಂತೇಶನ ಇನ್ನೂರು ವಾಟ್

"ನಾನು ಅಪ್ಪನಂಗ ಮಷಿನ್ ಮ್ಯಾಲೆ ಬದುಕೂ ಮನುಷ್ಯಾ ಅಲ್ಲ!"

ಶಿಗ್ಗಾಂವದ ಕಾಳಿನ ವ್ಯಾಪಾರಿ ಮಹಾಂತೇಶ ಪಡಸಾಲೆಯ ನಡುವೆ ಎದೆ ತಟ್ಟಿಕೊಂಡು ಈ ಭೀಷ್ಮಪ್ರತಿಜ್ಞೆ ಮಾಡಿದಾಗ, ಅವನ ಅಪ್ಪ ನೀಲಪ್ಪ ಪಕ್ಕದ ಕೋಣೆಯಲ್ಲಿ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಮಂಚದ ಮೇಲೆ ಕೂತಿದ್ದ. ಬಾಗಿಲು ತೆರೆದೇ ಇತ್ತು. ಕೆಟ್ಟಿದ್ದು ಅವನ ಪುಪ್ಪುಸ, ಕಿವಿಯಲ್ಲ.

ಜೀವಮಾನವೆಲ್ಲ ಕಾಳಿನ ಅಡತಿ ಅಂಗಡಿಯಲ್ಲಿ ಗೋವಿನಜೋಳದ ಧೂಳು ಕುಡಿದ ನೀಲಪ್ಪನಿಗೆ ಈಗ ಆಕ್ಸಿಜನ್ ಮಷಿನ್ನೇ ಗತಿ. ಹಗಲೂ ರಾತ್ರಿ ಅದು ಗುರ್ ಎನ್ನುತ್ತಿತ್ತು. ಅದು ನಿಂತರೆ ಅಪ್ಪನೂ ನಿಲ್ಲುತ್ತಾನೆಂದು ಮನೆಯವರಿಗೆಲ್ಲ ಗೊತ್ತಿತ್ತು, ಬಾಯಿಬಿಟ್ಟು ಯಾರೂ ಅನ್ನುತ್ತಿರಲಿಲ್ಲ. ಮಹಾಂತೇಶನಿಗೂ ಅದೇ ಅಂಗಡಿ, ಅದೇ ಧೂಳು. ಒಂದು ದಿನ ಗೋದಾಮಿನ ಮೆಟ್ಟಿಲು ಹತ್ತುವಾಗ ಅವನಿಗೂ ಉಸಿರು ಕಟ್ಟಿತು. ಅವನು ನಿಜವಾಗಿಯೂ ಹೆದರಿದ. ಹೆದರಿದ ಗಂಡಸು ಏನು ಮಾಡುತ್ತಾನೆ? ಏನಾದರೊಂದು ಖರೀದಿ ಮಾಡುತ್ತಾನೆ!

ಮಷಿನ್ ಮೇಲೆ ಬದುಕಲಾರೆ ಎಂದವನು ಮೊಟ್ಟಮೊದಲು ತಂದದ್ದು ಒಂದು ಮಷಿನ್ನನ್ನೇ! ಹಿಂದಿನ ಗಾಲಿ ಬಿಚ್ಚಿ ಸೈಕಲ್ಲನ್ನು ಅದಕ್ಕೆ ಸಿಕ್ಕಿಸಿದರೆ ನಿಂತಲ್ಲೇ ತುಳಿಯಬಹುದು. ಕಾಲು ಹಾಕಿದ ಬಲ ಎಷ್ಟು ವಾಟ್ ಎಂದು ಫೋನಿನಲ್ಲಿ ಕಾಣುತ್ತದೆ. ಸವಣೂರ ರಸ್ತೆಯಲ್ಲಿ ನಾಯಿಗಳು ಬೆನ್ನುಹತ್ತುತ್ತವೆ, ಹೈವೇಯಲ್ಲಿ ಲಾರಿಗಳು ಬೆನ್ನುಹತ್ತುತ್ತವೆ. ಪಡಸಾಲೆಯಲ್ಲಾದರೆ ಹೆಂಡತಿ ಮಾಲಾ ಒಬ್ಬಳೇ.

"ಎಲ್ಲೀತನಾ ಬಂದ್ರಿ? ಬಂಕಾಪುರ ದಾಟಿದ್ರೇನು?" ಅವಳು ಕಸಬರಿಗೆ ಹಿಡಿದು ಕೇಳಿದಳು.

"ಎಲ್ಲಿಗೂ ಹೋಗೂದಲ್ಲ ಇದು! ಒಂದು ತಾಸು ಒಂದ ಸಮ ಎಷ್ಟು ವಾಟ್ ತುಳೀಬಹುದು, ಅದ ಮನಷ್ಯಾನ ಖರೇ ತಾಕತ್ತು. ನಂದು ನೂರಾ ಎಂಬತ್ತೈತಿ. ಇನ್ನೂರು ಮಾಡೇ ಮಾಡತೇನಿ!"

"ಗಾಣದ ಎತ್ತು ತಿರುಗಿದ್ರ ಎಣ್ಣಿಯರ ಬರತಿತ್ತು. ಕಾಲು ಎತ್ರಿ, ಕಸಾ ಹೊಡೀಬೇಕು."

ಅಂದಿನಿಂದ ಇಡೀ ಮನೆ ಇನ್ನೂರರ ಸೇವೆಗೆ ನಿಂತಿತು. ಹಗುರ ತುಳಿತದ ದಿನ ಇಷ್ಟು ವಾಟ್, ಜೋರು ತುಳಿತದ ದಿನ ಇಷ್ಟು ಎಂದು ಪಟ್ಟಿ ಬಂತು. ಮೈತೂಕ ಇಳಿದರೆ ಕಿಲೋಗೆ ಇಷ್ಟು ವಾಟ್ ಎಂಬ ಲೆಕ್ಕ ಏರುತ್ತದೆಂದು ರೊಟ್ಟಿ ಕಡಿಮೆ ಮಾಡಿದ. ಅಂಗಡಿಯಲ್ಲಿ ಗಿರಾಕಿ ಜೋಳದ ದರ ಕೇಳಿದರೆ "ನೂರಾ ಎಂಬತ್ಮೂರು" ಎಂದುಬಿಟ್ಟ! ಬೆವರಿಗೆ ದೊಡ್ಡ ಕೂಲರ್ ಬಂತು. ಕಣ್ಣಿಗೆ ಹುರುಪು ಬರಲೆಂದು ಟೀವಿಯಲ್ಲಿ ಯಾವುದೋ ದೇಶದ ಹಿಮದ ಘಟ್ಟ ಬಂತು. ಪಂಚೆಯ ಜಾಗದಲ್ಲಿ ಬಂದ ಬಿಗಿ ಚಡ್ಡಿಯನ್ನು ಕಂಡು ಮಾಲಾ ಮುಂಬಾಗಿಲು ಹಾಕತೊಡಗಿದಳು.

ಇದನ್ನೆಲ್ಲ ನಗದೆ ಕೇಳುತ್ತಿದ್ದವನು ನೀಲಪ್ಪ ಒಬ್ಬನೇ. ದಿನಾ ತುಳಿತ ಮುಗಿದ ಮೇಲೆ ಕೋಣೆಯಿಂದ ಕೂಗು ಬರುತ್ತಿತ್ತು. "ಎಷ್ಟ... ಬಂತೋ ತಮ್ಮಾ?"

"ನೂರಾ ಎಂಬತ್ನಾಕು, ಅಪ್ಪಾ!"

"ಬರತೈತಿ... ಬಿಡಬ್ಯಾಡ."

ಆದರೆ ಪರೀಕ್ಷೆಯ ದಿನವೇ ಕರೆಂಟು ಕೈಕೊಡುತ್ತಿತ್ತು. ಇಪ್ಪತ್ತು ನಿಮಿಷ ಪ್ರಾಣ ಹೋಗುವಂತೆ ತುಳಿದರೆ, ತಾಸಿನ ತಾಕತ್ತು ಎಷ್ಟೆಂದು ಫೋನೇ ಲೆಕ್ಕ ಹಾಕಿ ಹೇಳುತ್ತದೆ. ನಡುವೆ ಎಲ್ಲ ಆರಿಹೋದರೆ ತುಳಿದದ್ದೆಲ್ಲ ನೀರಲ್ಲಿ ಹೋಮ! ಮನೆಯಲ್ಲಿ ಇನ್ವರ್ಟರೇನೋ ಇತ್ತು. ಆದರೆ ಅದು ಅಪ್ಪನ ಮಷಿನ್ನಿಗೆ ಮೀಸಲು. ಮಾಲಾ ತನ್ನ ಮೊಬೈಲನ್ನು ಸಹ ಅದಕ್ಕೆ ಹಚ್ಚುತ್ತಿರಲಿಲ್ಲ. ಮಹಾಂತೇಶ ಅವಳಿಗೆ ಕಾಣದಂತೆ ಕಪಾಟಿನ ಹಿಂದಿನಿಂದ ಒಂದು ವೈರು ಎಳೆದ. ಸೈಕಲ್ ಮಷಿನ್, ಕೂಲರ್, ಟೀವಿ ಮೂರೂ ಅಪ್ಪನ ಪಾಲಿನ ಬ್ಯಾಟರಿಗೆ ಬಾಯಿ ಹಾಕಿದವು. ಬರೀ ಇಪ್ಪತ್ತು ನಿಮಿಷದ ಮಾತು ತಾನೇ ಎಂದು ಅವನು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡ.

ಆ ದಿನ ಬೆಳಿಗ್ಗೆಯೇ ಕರೆಂಟು ಹೋಗಿತ್ತು. ಮಾಲಾ ಮೆಣಸಿನಕಾಯಿ ಹರವಲು ಮಾಳಿಗೆ ಹತ್ತಿದಳು. ಮಹಾಂತೇಶ ಕಿವಿಗೆ ಹೆಡ್‌ಫೋನ್ ಏರಿಸಿ ಸೈಕಲ್ ಏರಿದ. ನೂರಾ ತೊಂಬತ್ತು! ಕಾಲು ಉರಿಯಿತು. ನೂರಾ ತೊಂಬತ್ತೈದು! ಎಲ್ಲೋ ದೂರದಲ್ಲಿ ಟೀಂ ಟೀಂ ಎಂದು ಕೇಳಿತು. ಇನ್ನೂ ಜೋರು ತುಳಿ ಎಂದು ಫೋನೇ ಹುರಿದುಂಬಿಸುತ್ತಿದೆ ಎಂದುಕೊಂಡು ಹಲ್ಲು ಕಚ್ಚಿ ತುಳಿದ. ಟೀಂ ಟೀಂ ಹೆಚ್ಚಾಯಿತು. ಅವನೂ ಹೆಚ್ಚಾದ. ಇಪ್ಪತ್ತು ನಿಮಿಷ ಮುಗಿಯಿತು, ಫೋನಿನಲ್ಲಿ ಇನ್ನೂರು ಮೂಡಿತು, ಟೀವಿಯ ಹಿಮದ ಘಟ್ಟ ಕಪ್ಪಾಯಿತು, ಕೂಲರ್ ನಿಂತಿತು.

"ಬಂತು! ಇನ್ನೂರು ಬಂತಪ್ಪಾ!" ಅವನು ಹೆಡ್‌ಫೋನ್ ಕಿತ್ತು ಕೂಗಿದ.

ಕೋಣೆಯಿಂದ ಉತ್ತರ ಬರಲಿಲ್ಲ. ಗುರ್ ಎನ್ನುವ ಸದ್ದೂ ಇರಲಿಲ್ಲ; ಅದು ಯಾವಾಗ ನಿಂತಿತ್ತೋ, ಹೆಡ್‌ಫೋನಿನೊಳಗೆ ಕೇಳಿರಲಿಲ್ಲ. ನಿದ್ದೆ ಕೆಡಿಸುತ್ತದೆಂದು ಅವನು ಎಷ್ಟೋ ಸಲ ಶಪಿಸಿದ್ದ ಸದ್ದು ಅದು. ಟೀಂ ಟೀಂ ಎಂದದ್ದು ಫೋನಲ್ಲ, ಸಾಯುತ್ತಿದ್ದ ಇನ್ವರ್ಟರ್ ಎಂದು ಆಗ ಹೊಳೆಯಿತು.

ಸೈಕಲ್ಲಿನಿಂದ ಹಾರಿದ. ತುಳಿಯಲಿಕ್ಕೆಂದೇ ಮಾಡಿದ ಬೂಟು ನುಣುಪು ನೆಲದ ಮೇಲೆ ಜಾರಿ, ಇನ್ನೂರು ವಾಟಿನ ವೀರ ಅಂಗಾತ ಬಿದ್ದ! ತೆವಳುತ್ತ ಹೊಸ್ತಿಲು ದಾಟಿದ. ನೀಲಪ್ಪ ಗೋಡೆಗೆ ಒರಗಿ, ಬಾಯಿ ತೆರೆದು, ಸಿಗದ ಗಾಳಿಗೆ ಹೋರಾಡುತ್ತಿದ್ದ. ತುಟಿ ನೀಲಿಗಟ್ಟಿತ್ತು.

"ಮಾಲಾ! ಏ ಮಾಲಾ!"

ಅವಳು ಮೆಟ್ಟಿಲನ್ನು ಇಳಿದಳೋ ಹಾರಿದಳೋ. ಆಪತ್ತಿಗೆಂದು ಮಂಚದ ಕೆಳಗೆ ಇಟ್ಟಿದ್ದ ಸಿಲಿಂಡರ್ ಎಳೆದಳು. "ಇದರ ಪಾನಾ ಎಲ್ಲೈತ್ರಿ? ಇಲ್ಲೇ ಕಟ್ಟಿದ್ನೆಲ್ಲ!"

ಆ ಪಾನಾ ಸೈಕಲ್ಲಿನ ಸೀಟಿನ ಕೆಳಗಿನ ಚೀಲದಲ್ಲಿತ್ತು. ಸ್ಟ್ಯಾಂಡಿನ ನಟ್ಟು ಬಿಗಿಯಲು ಒಯ್ದವನು ಅವನೇ.

ಬೂಟು ಕಿತ್ತೆಸೆದು ಬರಿಗಾಲಲ್ಲಿ ಓಡಿ ತಂದ. ಸಿಲಿಂಡರಿಗೆ ಹಚ್ಚಿ ತಿರುವಿದ. ಬೆವರಿನ ಕೈ ಜಾರಿತು. ಮತ್ತೆ ತಿರುವಿದ, ಮತ್ತೆ ಜಾರಿತು. ಮಾಲಾ ಅವನನ್ನು ಆಚೆ ನೂಕಿ, ಸೆರಗಿನಲ್ಲಿ ಹಿಡಿದು ಒಂದೇ ತಿರುವಿಗೆ ತೆಗೆದಳು. ಸುಂಯ್ ಎಂದು ಗಾಳಿ ಬಂತು.

"ಉಸುರು ತಗೋರಿ ಮಾವಾರ... ನಿಧಾನ... ಹಾಂ, ಹಂಗ..." ಎನ್ನುತ್ತಿದ್ದವಳ ದನಿ, ಕಪಾಟಿನ ಹಿಂದಿನ ವೈರು ಕಣ್ಣಿಗೆ ಬಿದ್ದೊಡನೆ ನಿಂತಿತು. ಅವಳು ಗಂಡನತ್ತ ನೋಡಿದಳು. ಕೈ ಚಾಚಿ ಆ ವೈರನ್ನು ಕಿತ್ತೆಸೆದಳು. ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

ನೀಲಪ್ಪನ ಬೆರಳಿಗೆ ಆಕ್ಸಿಜನ್ ತೋರಿಸುವ ಪುಟ್ಟ ಮೀಟರ್ ಹಚ್ಚಿದರು. ತೊಂಬತ್ತು ದಾಟಿದರೆ ಗಂಡಾಂತರ ಕಳೆದಂತೆ. ಎಪ್ಪತ್ತೆರಡು ಎಂದಿತ್ತು. ಇಷ್ಟು ದಿನ ತನ್ನ ಅಂಕಿಯನ್ನೇ ನೋಡಿದ್ದ ಮಹಾಂತೇಶ ಈಗ ಬಿಗಿ ಚಡ್ಡಿಯಲ್ಲಿ ನೆಲಕ್ಕೆ ಕೂತು, ಅಪ್ಪನ ಕೈ ಹಿಡಿದು, ಕಣ್ಣೀರಿನ ನಡುವೆ ಆ ಅಂಕಿ ನೋಡಿದ. ಎಪ್ಪತ್ತೊಂಬತ್ತು. ಎಂಬತ್ತೈದು. ತೊಂಬತ್ತೊಂದು.

ಅಷ್ಟರಲ್ಲಿ ಕರೆಂಟು ಬಂದು ಮಷಿನ್ ಗುರ್ ಎಂದಿತು. ನೀಲಪ್ಪ ಕಣ್ಣು ತೆರೆದ.

"ಎಷ್ಟ... ಬಂತೋ ತಮ್ಮಾ?"

"ತೊಂಬತ್ತೊಂದು ಬಂತಪ್ಪಾ. ಇನ್ನ ಅಂಜಿಕಿಲ್ಲ."

"ನಂದಲ್ಲೋ... ನಿಂದು."

ಮಾಲಾ ಪಡಸಾಲೆಗೆ ಹೋಗಿ ಗಂಡನ ಫೋನು ತಂದು ಮಾವನ ಕಣ್ಣ ಮುಂದೆ ಹಿಡಿದಳು. 'ಇನ್ನೂರು' ಎಂಬುದು ಅದರಲ್ಲಿ ಇನ್ನೂ ಮಿಣಮಿಣ ಎನ್ನುತ್ತಿತ್ತು.

ನೀಲಪ್ಪ ಅದನ್ನು ನೋಡಿದ, ಕಿತ್ತು ಬಿದ್ದಿದ್ದ ವೈರನ್ನು ನೋಡಿದ, ಮಗನನ್ನು ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಗಿರಾಕಿಯ ಎದುರು ತಕ್ಕಡಿ ಇಳಿಸುವಾಗ ಇರುತ್ತಿದ್ದ ಗಂಭೀರ ಮುಖ ಅದು.

"ನಿನ್ನವು ನೂರಾ ಎಂಬತ್ನಾಕು ಬರಕೋ," ಎಂದ. "ಮ್ಯಾಲಿನ ಹದಿನಾರು... ನನ್ನವು."