ಚಕ್ರವರ್ತಿ ಬಾರದ ಫ್ರಾನ್ಸ್

ನಮ್ಮ ಬಾಪ್ಪು ಪ್ರತಿ ಶುಕ್ರವಾರ ಊಟವಾದ ಮೇಲೆ ಒಬ್ಬ ರಾಜನ ತಲೆ ತೆಗೆಯುತ್ತಿದ್ದರು. ಗಾಬರಿಯಾಗಬೇಡಿ! ಬಾಪ್ಪು ಎಂದರೆ ನನ್ನ ತಾಯಿಯ ತಂಗಿಯ ಗಂಡ. ಇರುವೆ ಸಾಲು ಕಂಡರೆ ಪೊರಕೆ ಪಕ್ಕಕ್ಕಿಟ್ಟು, ಅದು ದಾಟಿ ಹೋಗುವವರೆಗೆ ಕಾಯುವ ಮನುಷ್ಯ. ತಲೆ ಹೋಗುತ್ತಿದ್ದದ್ದು ಉಪ್ಪಿನ ಡಬ್ಬಿಯದು. ಆ ಡಬ್ಬಿಯೇ ಫ್ರಾನ್ಸ್ ದೇಶದ ರಾಜ.

ಉಡುಪಿಯ ಕಡೆಯ ಈ ಮನುಷ್ಯ, ಮಸ್ಕತ್ತಿನ ಅಂಚಿನ ಅಲ್ ಅಮೇರಾತ್‌ನಲ್ಲಿ ಕಟ್ಟಡ ಸಾಮಗ್ರಿ ಅಂಗಡಿಯ ಗೋದಾಮು ನೋಡಿಕೊಳ್ಳುವವರು, ಫ್ರಾನ್ಸಿನ ಗೊಡವೆಗೆ ಯಾಕೆ ಹೋದರು? ಹುಡುಗುಪ್ರಾಯದಲ್ಲಿ ಮೊದಲ ಕೆಲಸ ಸಿಕ್ಕಿದ್ದು ಒಮಾನಿನ ಉತ್ತರ ತುದಿಯ ಖಸಬ್‌ನಲ್ಲಂತೆ. ಮೂರು ಕಡೆ ಬೋಳು ಬೆಟ್ಟ, ಒಂದು ಕಡೆ ಸಮುದ್ರ. ಓದಲು ಇದ್ದದ್ದು ಊರಿನಿಂದ ತಂದ ಒಂದೇ ಒಂದು ಇತಿಹಾಸದ ಪುಸ್ತಕ. ಅದನ್ನೇ ಓದಿದರು, ಮತ್ತೆ ಓದಿದರು. ಬೆಟ್ಟಗಳಿಗೂ ಬಾಯಿಪಾಠ ಬಂದಿರಬೇಕು!

ಮನೆಯಲ್ಲಿ ಅವರ ಭಾಷಾನೀತಿ ಸ್ಪಷ್ಟವಿತ್ತು. ಪ್ರಾರ್ಥನೆಗೆ ಕೊಂಕಣಿ, ಬೈಗುಳಕ್ಕೆ ತುಳು, ಇತಿಹಾಸಕ್ಕೆ ಕನ್ನಡ. ಹಾಗಾಗಿ ಕೋಳಿ ಸುಕ್ಕ, ಇಡ್ಲಿಯಂಥ ಸಣ್ಣಾಂ, ಅನ್ನ ಎಲ್ಲ ಮುಗಿದು ಬಾಪ್ಪು ಕನ್ನಡಕ್ಕೆ ತಿರುಗಿದರೆಂದರೆ ಮಾವ್ಶಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಓಡುತ್ತಿದ್ದರು. ಮಾವ್ಶಿ ಎಂದರೆ ನನ್ನ ಚಿಕ್ಕಮ್ಮ, ಈ ಬಡ ಫ್ರಾನ್ಸಿನ ನಿಜವಾದ ಪ್ರಜೆ.

ಮೇಜಿನ ಮೇಲೆ ದೇಶ ಸಿದ್ಧವಾಗುತ್ತಿತ್ತು. ಉಪ್ಪಿನ ಡಬ್ಬಿ ರಾಜ. ಉಪ್ಪಿನಕಾಯಿ ಬಾಟಲಿಗಳು ಪಾದ್ರಿಗಳು. ಸ್ಟೀಲಿನ ಲೋಟಗಳು ಜಹಗೀರುದಾರರು. ಹಾಲಿನಪುಡಿಯ ತಗಡಿನ ಡಬ್ಬ ಸೆರೆಮನೆ. ತಟ್ಟೆಯಂಚಿಗೆ ಅಂಟಿದ ಅನ್ನದ ಅಗುಳುಗಳು ಜನ. "ಇವರು ತೆರಿಗೆ ಕಟ್ಟುದಿಲ್ಲ," ಎಂದು ಉಪ್ಪಿನಕಾಯಿಗೆ ಬೆರಳು ತೋರಿಸುವರು. "ಇವರೂ ಕಟ್ಟುದಿಲ್ಲ," ಲೋಟಗಳಿಗೆ. "ಕಟ್ಟುದು ಯಾರು? ಈ ಪಾಪದ ಅಗುಳು!" ಆಮೇಲೆ ಅಗುಳುಗಳು ಹಾಲಿನಪುಡಿಯ ಡಬ್ಬದ ಮೇಲೆ ಮುತ್ತಿಗೆ ಹಾಕಿ, ಡಬ್ಬ ದಡಾರನೆ ಉರುಳಿ, ಕೊನೆಗೆ ಉಪ್ಪಿನ ಡಬ್ಬಿಯ ಮುಚ್ಚಳ ಗಿರ್ರನೆ ತಿರುಗಿ ಹಾರುತ್ತಿತ್ತು.

ಒಳಗಿನಿಂದ ಮಾವ್ಶಿಯ ಕೂಗು. "ತಲೆ ಬೇಕಾದ್ರೆ ತೆಗೀರಿ! ಉಪ್ಪು ಚೆಲ್ಬೇಡಿ!"

ಒಮ್ಮೆ ಇಗರ್ಜಿಯ ಪಾದ್ರಿಗಳೇ ಊಟಕ್ಕೆ ಬಂದಿದ್ದರು. ಅಂದಾದರೂ ಫ್ರಾನ್ಸಿಗೆ ರಜೆ ಕೊಡಬಹುದಿತ್ತಲ್ಲ? ಇಲ್ಲ! ಚರ್ಚಿನ ಆಸ್ತಿಯನ್ನು ಜನ ಹೇಗೆ ವಶಪಡಿಸಿಕೊಂಡರು ಎಂದು ವಿವರಿಸುತ್ತಾ ಬಾಪ್ಪು ಮಾವಿನಮಿಡಿಯ ಬಾಟಲಿಯನ್ನು ಅತಿಥಿಯ ಎದುರಿನಿಂದಲೇ ಎಳೆದುಕೊಂಡರು. ಪಾದ್ರಿಗಳು ಕೈ ಒರೆಸಿಕೊಂಡು ಕೇಳಿದರು, "ನಾನೀಗ ಹೊರಡ್ಲಾ, ಅಲ್ಲ ತಲೆ ಇಲ್ಲೇ ಇಟ್ಟು ಹೋಗ್ಬೇಕಾ?"

ಮತ್ತೊಂದು ಸಲ ರಸ್ತೆಬದಿಯ ಚಹಾದಂಗಡಿ. ನಾವು ಮೂವರು ಹೊರಗಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕರಕ್ ಚಹಾ ಕುಡಿಯುತ್ತಿದ್ದೆವು. ಬಾಪ್ಪು ಏರಿದ ದನಿಯಲ್ಲಿ, ನಡುನಡುವೆ ಹಿಂದಿ ಅರಬ್ಬಿ ಸೇರಿಸಿ, ರಾಜನನ್ನು ಮರದ ಮೆಟ್ಟಿಲು ಹತ್ತಿಸುತ್ತಿದ್ದಾರೆ. ಪಕ್ಕದ ಮೇಜಿನಲ್ಲಿ ಇಬ್ಬರು ಪೊಲೀಸರು! "ಮೆಲ್ಲ ಮಾತಾಡಿ ಮಾರಾಯ್ರೆ, ನಾವು ಇರುದು ಸುಲ್ತಾನರ ದೇಶದಲ್ಲಿ," ಎಂದು ಮಾವ್ಶಿ ಅವರ ತೊಡೆ ಚಿವುಟಿದರು. ಪೊಲೀಸರಲ್ಲೊಬ್ಬ ಕುರ್ಚಿ ತಿರುಗಿಸಿಯೇ ಬಿಟ್ಟ. ಮಾವ್ಶಿಯ ಕೈ ಕತ್ತಿನ ಶಿಲುಬೆಗೆ ಹೋಯಿತು.

"ಮಲಿಕ್ ಖಲಾಸ್?" ಎಂದು ಕೇಳಿದ. ರಾಜ ಮುಗಿದನೋ?

"ಖಲಾಸ್," ಎಂದರು ಬಾಪ್ಪು.

"ಬಾದ್ ಮೇಂ ಕ್ಯಾ?"

ಬಾಪ್ಪು ಗ್ಲಾಸು ಎತ್ತಿ ತೋರಿಸಿದರು. "ಬಾದ್ ಮೇಂ ಚಾಯ್."

ಪೊಲೀಸ್ ನಕ್ಕು ನಕ್ಕು ನಮ್ಮ ಮೂವರ ಚಹಾದ ದುಡ್ಡನ್ನೂ ಕೊಟ್ಟು ಹೋದ.

ಆದರೆ ಅವನ ಪ್ರಶ್ನೆ ಸರಿಯಾದದ್ದೇ. ಆಮೇಲೇನು? ರಾಜನ ತಲೆ ತೆಗೆದವರ ತಲೆಯೂ ಹೋಯಿತು, ಅವರ ತಲೆ ತೆಗೆದವರದೂ ಹೋಯಿತು. ಅಲ್ಲಿಯವರೆಗೆ ಬಾಪ್ಪು ಹೇಳುತ್ತಿದ್ದರು. ಕೊನೆಗೆ ಫಿರಂಗಿ ದಳದ ಒಬ್ಬ ಅಧಿಕಾರಿ ಬಂದು, ತನ್ನ ಕೈಯಾರೆ ಕಿರೀಟ ಇಟ್ಟುಕೊಂಡು ಚಕ್ರವರ್ತಿಯಾದನಲ್ಲ, ಆ ಭಾಗ ಮಾತ್ರ ಅವರ ಬಾಯಿಂದ ಯಾರೂ ಕೇಳಿಲ್ಲ. ಪುಸ್ತಕದ ಕೊನೆಯ ಹಾಳೆಗಳನ್ನು ಖಸಬ್‌ನ ಆಡು ತಿಂದಿರಬೇಕು ಎಂದು ನಮ್ಮ ಊಹೆಯಾಗಿತ್ತು.

ನನ್ನ ಮಗಳು ಒಂಬತ್ತನೆಯ ತರಗತಿಗೆ ಬಂದಾಗ ಆ ಊಹೆ ಸುಳ್ಳಾಯಿತು. ಅವಳ ಪಠ್ಯದಲ್ಲಿ ಇದೇ ಪಾಠ! ಬಾಪ್ಪು ಸಂಭ್ರಮದಿಂದ ಪಾಠ ಹೇಳಿದರು. ರಾಜನ ಮುಚ್ಚಳ ಹಾರಿಸಿ ಕೈ ಕೊಡವಿ ಎದ್ದರು.

"ಬಟ್ ಗ್ರ್ಯಾಂಡ್‌ಪಾ, ಎಂಪರರ್ ಎಕ್ಸಾಮಿಗೆ ಬರ್ತಾನೆ!" ಎಂದಳು ಇವಳು. ಒಳ್ಳೆಮೆಣಸಿನ, ಅಂದರೆ ಕಾಳುಮೆಣಸಿನ, ಪುಡಿಯ ಡಬ್ಬಿಯನ್ನು ಎತ್ತಿಕೊಂಡು ಮೇಜಿನ ನಡುವೆ ಇಟ್ಟಳು. ಗಿಡ್ಡ, ಕಪ್ಪು ಮುಚ್ಚಳ. ಚಕ್ರವರ್ತಿಗೆ ಹೇಳಿ ಮಾಡಿಸಿದಂತಿತ್ತು. "ದಿಸ್ ಈಸ್ ಹಿಮ್."

ಬಾಪ್ಪು ಆ ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು ಅಡುಗೆಮನೆಗೆ ಒಯ್ದಿಟ್ಟು ಬಂದರು. "ಬೇಡ. ಇವ ಬೇಡ. ಅಷ್ಟು ಜನ ಸತ್ತದ್ದು ಎಂತಕ್ಕೆ? ಪುನಃ ಒಬ್ಬನನ್ನೇ ಕೂರಿಸ್ಲಿಕ್ಕಾ? ನನ್ನ ಮೇಜಿನಲ್ಲಿ ಆಗ್ಲಿಕ್ಕಿಲ್ಲ."

"ಮತ್ತೆ ಮಾರ್ಕ್ಸ್?"

"ಮಾರ್ಕು ಹೋಗ್ಲಿ. ಮರ್ಯಾದೆ ಉಳೀತದೆ."

ಮಾರ್ಕು ಹೋಯಿತು. ಅಂದಿನಿಂದ ಒಳ್ಳೆಮೆಣಸಿನ ಡಬ್ಬಿಗೆ ಊಟದ ಮೇಜಿನಿಂದ ಗಡೀಪಾರು. ನಾವು ಮೊಟ್ಟೆಗೆ ಒಳ್ಳೆಮೆಣಸು ಬೇಕಾದರೆ ಅಡುಗೆಮನೆಗೆ ಹೋಗಿ ಹಾಕಿಕೊಂಡು ಬರಬೇಕಿತ್ತು!

ಆ ಫ್ರೆಂಚರು ಪಂಚಾಂಗವನ್ನೂ ಬದಲಿಸಿದ್ದರು. ವಾರಕ್ಕೆ ಹತ್ತು ದಿನ, ಭಾನುವಾರವೇ ಇಲ್ಲ, ತಿಂಗಳುಗಳಿಗೆ ಮಂಜು, ಮಳೆ, ಸೆಕೆ ಎಂದು ಹೊಸ ಹೆಸರು. ಬಾಪ್ಪು ಮಸ್ಕತ್ತಿಗೂ ಅಂಥದೊಂದು ಪಂಚಾಂಗ ಮಾಡಲು ಕುಳಿತು, ಸೆಕೆ, ಹೆಚ್ಚು ಸೆಕೆ, ನಲ್ಲಿಯಲ್ಲಿ ಬಿಸಿನೀರು ಬರುವ ಸೆಕೆ ಎಂದು ಬರೆಯುತ್ತಾ ಹೋಗಿ ಕೈಬಿಟ್ಟರು. "ನಾವೇನು ಕಮ್ಮಿಯಾ?" ಎನ್ನುತ್ತಿದ್ದರು. "ಅವರು ಭಾನುವಾರ ತೆಗೆದ್ರು ಅಷ್ಟೆ. ನಾವು ಇಡೀ ಭಾನುವಾರವನ್ನು ಎತ್ತಿ ಶುಕ್ರವಾರಕ್ಕೆ ತಂದು ಇಟ್ಟಿದ್ದೇವೆ!" ನಿಜವೇ. ಇಲ್ಲಿ ಭಾನುವಾರ ಕೆಲಸದ ದಿನ, ಆದ್ದರಿಂದ ನಮ್ಮವರ ಭಾನುವಾರದ ಪೂಜೆಯೆಲ್ಲ ಶುಕ್ರವಾರವೇ.

ಹೋದ ವರ್ಷ ರಜೆಯಲ್ಲಿ ಊರಿಗೆ ಹೋದಾಗ ಬಾಪ್ಪು ಒಂದು ಶುಕ್ರವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ, ಇಗರ್ಜಿಯ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದರಂತೆ. ಭಾನುವಾರ ಮನೆಮಂದಿಯೆಲ್ಲ ಪೂಜೆಗೆ ಹೊರಟರೆ ಇವರು ಗೋದಾಮಿನ ಬೀಗದಕೈ ಹುಡುಕುತ್ತಿದ್ದರಂತೆ. ಆ ಕಥೆಯನ್ನು ಫೋನಿನಲ್ಲಿ ಕೇಳಿ ನಾವು ಎಷ್ಟು ನಕ್ಕೆವು! ಗಲ್ಫಿನವರು ಯಾರು ಈ ತಪ್ಪು ಮಾಡಿಲ್ಲ ಹೇಳಿ? ನಾನೇ ಮಾಡಿದ್ದೇನೆ.

ಆಮೇಲೆ ಒಂದು ಮುಂಜಾನೆ ಮತ್ರಾಹ್‌ಗೆ ಮೀನು ತರಲು ಹೋದವರು ಬಿಸಿಲು ಏರಿದ ಮೇಲೆ ಸಹಮ್‌ನಿಂದ ಫೋನ್ ಮಾಡಿದರು. ಮತ್ರಾಹ್ ಇಲ್ಲೇ ಬೆಟ್ಟದಾಚೆ. ಸಹಮ್ ಎಂದರೆ ಕರಾವಳಿ ಹಿಡಿದು ಗಂಟೆಗಟ್ಟಲೆ ದೂರ. "ಇಲ್ಲಿ ಬಂಗುಡೆ ಒಳ್ಳೆದುಂಟು," ಎಂದರು. ಆಮೇಲೆ, "ಮನೆಗೆ ಬರುವಾಗ ಸಮುದ್ರ ಯಾವ ಬದಿಗೆ ಇರ್ಬೇಕು?" ಎಂದರು.

"ಎಡಕ್ಕೆ ಬಾಪ್ಪು," ಎಂದೆ. ಬಂದರು. ಬಂಗುಡೆ ನಿಜಕ್ಕೂ ಚೆನ್ನಾಗಿತ್ತು. ಪುಳಿಮುಂಚಿ ಮಾಡಿ ತಿಂದು, 'ಮೀನಿಗಾಗಿ ಅರ್ಧ ಒಮಾನ್ ಸುತ್ತಿದ ಮಹಾರಾಯ' ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಈಗ ಬರೆಯುತ್ತಾ ಕುಳಿತರೆ ಕೈ ನಿಲ್ಲುತ್ತದೆ. ಇವುಗಳಲ್ಲಿ ಯಾವುದು ತಮಾಷೆ, ಯಾವುದು ಕಾಯಿಲೆ? ಮುಚ್ಚಿದ ಇಗರ್ಜಿಯ ಮುಂದೆ ನಿಂತದ್ದು ಗಲ್ಫಿನ ಅಭ್ಯಾಸವೋ, ಒಳಗೆ ಏನೋ ಸಡಿಲಗೊಳ್ಳುತ್ತಿದ್ದದ್ದೋ? ಆ ಚಹಾದಂಗಡಿಯಲ್ಲಿ 'ಬಾದ್ ಮೇಂ ಚಾಯ್' ಎಂದದ್ದು ಚಮತ್ಕಾರವೋ, ಮುಂದಿನದು ಆ ಕ್ಷಣ ಹೊಳೆಯದೇ ಹೋಗಿತ್ತೋ? ವರ್ಷಗಳಿಂದ ಡೈರಿ ಬರೆಯುತ್ತಿದ್ದೇನೆ. ನಗು ಬಂದದ್ದನ್ನು ಬರೆಯುತ್ತೇನೆ, ಬಾರದ್ದನ್ನು ಬಿಡುತ್ತೇನೆ. ಹಾಗಿರುವಾಗ ನನ್ನ ನೆನಪನ್ನು ನಂಬುವುದು ಹೇಗೆ?

ಡಾಕ್ಟರರಿಗೆ ಅನುಮಾನವಿರಲಿಲ್ಲ. ಮರೆವಿನ ಕಾಯಿಲೆ, ನಿಧಾನವಾಗಿ ಏರುತ್ತದೆ ಎಂದರು. ಬಾಪ್ಪುವಿನ ಒಮಾನಿ ಕಫೀಲ್, ಅಂಗಡಿಯ ಯಜಮಾನ, ಒಳ್ಳೆಯವನು. ಗೋದಾಮಿನ ಬೀಗದಕೈ ಬೇರೆಯವರಿಗೆ ಕೊಟ್ಟು, ಬಾಪ್ಪುವಿಗೆ ಅಂಗಡಿಯಲ್ಲಿ ಒಂದು ಕುರ್ಚಿ ಹಾಕಿಸಿದ. ಸುಮ್ಮನೆ ಬಂದು ಕುಳಿತು ಹೋಗಲಿ, ವೀಸಾದ ಚಿಂತೆ ಬೇಡ ಎಂದ. ಮಕ್ಕಳಿಲ್ಲದ ಜೋಡಿ. ಉಡುಪಿಯಲ್ಲಿ ಬಾಪ್ಪುವಿನ ತಂಗಿ ಕೆಳಗಿನ ಕೋಣೆ ತೆರವು ಮಾಡಿ, ಬಂದುಬಿಡಿ ಎಂದು ಒತ್ತಾಯಿಸುತ್ತಿದ್ದರು.

"ಹೋಗುದು ಒಳ್ಳೆದಲ್ವಾ ಮಾವ್ಶಿ?" ಎಂದು ನಾನೂ ಕೇಳಿದೆ.

"ಅಲ್ಲಿ ಎಂತ ಉಂಟು ಇವರಿಗೆ? ಇಲ್ಲಿ ಅಂಗಡಿ ಉಂಟು, ಕುರ್ಚಿ ಉಂಟು. ಶುಕ್ರವಾರ ಉಂಟು. ಅಲ್ಲಿ ಶುಕ್ರವಾರವೇ ಇಲ್ಲ." ಬೀನ್ಸ್ ಮುರಿಯುತ್ತಿದ್ದ ಕೈ ನಿಲ್ಲಿಸಿದರು. "ನೋಡು ಮಗಾ, ನಾನು ಒಂದು ಲೆಕ್ಕ ಇಟ್ಟಿದ್ದೇನೆ. ಆ ಮೆಣಸಿನ ಡಬ್ಬಿ ತಂದಿಟ್ರೆ ಇವರು ಬೇಡ ಅಂತಾರಲ್ಲ, ಅಷ್ಟರವರೆಗೆ ನಾವು ಇಲ್ಲೇ. ಬೇಡ ಅನ್ಲಿಕ್ಕೆ ಮರೆತ ದಿವಸ ನೀನು ನಂಗೆ ದೊಡ್ಡ ಕಾರ್ಟನ್ ತಂದು ಕೊಡು. ಕಟ್ತೇನೆ."

ಕಳೆದ ಶುಕ್ರವಾರ ಹೋಗಿದ್ದೆ. ಊಟವಾಯಿತು. ಬಾಪ್ಪು ಉಪ್ಪಿನ ಡಬ್ಬಿಯನ್ನು ಕೈಗೆತ್ತಿಕೊಂಡರು. ಕನ್ನಡ ಬರಲಿಲ್ಲ. ಕೊಂಕಣಿಯೂ ಬರಲಿಲ್ಲ. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಿಟಕಿಯ ಹಳೆಯ ಏಸಿ ಗೊರಗುಟ್ಟುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ್ಶಿ ನೈಟಿಗೆ ಕೈ ಒರೆಸುತ್ತಾ ಬಂದು, ಅವರ ಎದುರಿನ ಕುರ್ಚಿಯಲ್ಲಿ ಕುಳಿತರು. ಮನೆಯ ಮೇಜಿನಲ್ಲಿ ಫ್ರಾನ್ಸ್ ನಡೆಯುವಾಗ ಮಾವ್ಶಿ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಫ್ರಾನ್ಸಲ್ಲಿ ಒಬ್ಬ ರಾಜ ಇದ್ದ," ಎಂದರು, ಕನ್ನಡದಲ್ಲಿ. "ಭಾರಿ ಒಳ್ಳೆಯವ."

ಬಾಪ್ಪು ತಲೆ ಎತ್ತಿದರು. "ಒಳ್ಳೆಯವ ಅಂತ ಯಾರು ಹೇಳಿದ್ದು ನಿಂಗೆ?"

"ಆಯ್ತು, ಸಾಧಾರಣ. ಜನರಿಗೆ ರೊಟ್ಟಿ ಇಲ್ಲ. ಹೆಂಗಸರೆಲ್ಲ ಬಸ್ಸು ಹತ್ತಿ ಅರಮನೆಗೆ ಹೋದ್ರು."

"ಬಸ್ಸಾ!" ಬಾಪ್ಪು ಮೇಜಿಗೆ ಗುದ್ದಿದರು. "ನಡ್ಕೊಂಡು ಹೋದದ್ದು ಮಾರಾಯ್ತಿ! ಮಳೆಗೆ! ರಾಜನನ್ನು ಎಳ್ಕೊಂಡು ಬಂದದ್ದು!"

ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಾ ಈಕೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು, ಎಲ್ಲವನ್ನೂ! ಬೇಕೆಂದೇ ತಪ್ಪು ಹೇಳುತ್ತಿದ್ದರು. ಪ್ರತಿ ತಪ್ಪಿಗೂ ಬಾಪ್ಪು ಸಿಡಿಯುತ್ತಿದ್ದರು, ಸಿಡಿದಾಗಲೆಲ್ಲ ಒಂದಿಷ್ಟು ಹಳೆಯ ಬಾಪ್ಪು ಹೊರಗೆ ಬರುತ್ತಿದ್ದರು. ಹಾಲಿನಪುಡಿಯ ಡಬ್ಬ ಉರುಳಿತು. ರಾಜನ ಮುಚ್ಚಳ ಹಾರಿತು. ಉಪ್ಪು ಮೇಜಿನ ತುಂಬ ಚೆಲ್ಲಿತು. ಮಾವ್ಶಿ ಏನೂ ಅನ್ನಲಿಲ್ಲ.

ಎದ್ದು ಹೋಗಿ ಒಳ್ಳೆಮೆಣಸಿನ ಡಬ್ಬಿ ತಂದರು. ಚೆಲ್ಲಿದ ಉಪ್ಪಿನ ನಡುವೆ ಇಟ್ಟರು. "ಮತ್ತೆ ಒಬ್ಬ ಬಂದ. ಫಿರಂಗಿಯವ. ಕಿರೀಟ ಅವನೇ ತಲೆಗೆ ಇಟ್ಕೊಂಡ."

ಬಾಪ್ಪು ಡಬ್ಬಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ, ಮನೆಗೆ ಬಂದ ಅಪರಿಚಿತನ ಬಗ್ಗೆ ಕೇಳುವಂತೆ, ಮರ್ಯಾದೆಯಿಂದ ಕೇಳಿದರು.

"ಇವರು ಯಾರು?"

ಮಾವ್ಶಿಯ ಮುಖವನ್ನು ನಾನು ನೋಡಲಿಲ್ಲ, ಮೇಜನ್ನೇ ನೋಡುತ್ತಿದ್ದೆ. ಅವರ ಕೈ ಬಂದು ಡಬ್ಬಿಯನ್ನು ಎತ್ತಿಕೊಂಡಿತು. "ಯಾರೂ ಅಲ್ಲ. ಒಳ್ಳೆಮೆಣಸು. ತಪ್ಪಿ ಬಂತು," ಎಂದು ಅದನ್ನು ನೈಟಿಯ ಜೇಬಿಗೆ ಹಾಕಿಕೊಂಡರು. ಬಾಪ್ಪು ಖಾಲಿಯಾದ ಜಾಗದಲ್ಲಿ ಬೆರಳಾಡಿಸುತ್ತಾ ಏನೋ ಹೇಳುವಂತೆ ತುಟಿ ಅಲ್ಲಾಡಿಸಿದರು. ಬೆರಳಿಗೆ ಹತ್ತಿದ ಉಪ್ಪನ್ನು ನೆಕ್ಕಿದರು.

ಬಾಗಿಲಿನವರೆಗೆ ಮಾವ್ಶಿ ಬಂದರು. ಕಾರ್ಟನ್ನಿನ ಮಾತು ಎತ್ತಬೇಕೆಂದಿದ್ದೆ. ಅವರೇ ಮೊದಲು ನನ್ನ ಮೊಣಕೈ ಹಿಡಿದರು.

"ಕೇಳಿತಲ್ಲ ನಿಂಗೆ? ಬೇಡ ಅಂದ್ರು. ಮೆಲ್ಲ ಅಂದ್ರು, ಆದ್ರೆ ಅಂದ್ರು. ಅಲ್ವಾ?"

ನನಗೆ ಕೇಳಿಸಿದ್ದು ಏಸಿಯ ಸದ್ದು ಮಾತ್ರ. ಮಾವ್ಶಿಯ ಇನ್ನೊಂದು ಕೈ ಜೇಬಿನೊಳಗೆ ಆ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

"ಕೇಳಿತು ಮಾವ್ಶಿ," ಎಂದೆ. "ಜೋರಾಗಿಯೇ ಅಂದ್ರು."

ಡೈರಿಯಲ್ಲೂ ಹಾಗೆಯೇ ಬರೆದಿದ್ದೇನೆ.