ಮಾವನ ಬಚ್ಚಲುಮನೆ ಪರೀಕ್ಷೆ

ನಮ್ಮ ಸೋದರಮಾವನನ್ನು ಮನೆ ನೋಡಲು ಕರೆದುಕೊಂಡು ಹೋದರೆ ಆ ಮನೆ ಕೈತಪ್ಪಿತೆಂದೇ ತಿಳಿಯಿರಿ! ಅವರು ವಾಸ್ತು ಕೇಳುವುದಿಲ್ಲ, ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಕೇಳುವುದಿಲ್ಲ. ನೆಟ್ಟಗೆ ಹೋಗಿ ಹಾಲಿನಲ್ಲಿ ಕೂರುತ್ತಾರೆ. ನಮ್ಮಲ್ಲೊಬ್ಬರು ಬಚ್ಚಲುಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ನೆಲದ ಮೇಲೆ ಕೂತು ಅವರನ್ನು ಕರೆಯಬೇಕು. ಅದೂ ಸಣ್ಣ ದನಿಯಲ್ಲಿ! ಮಾವನಿಗೆ ಕೇಳಿಸಿದರೆ ಮನೆ ಪಾಸು. ಶಿವಮೊಗ್ಗದಲ್ಲಿ ಮೊನ್ನೆಯವರೆಗೆ ಒಂದು ಮನೆಯೂ ಪಾಸಾಗಿರಲಿಲ್ಲ.

ನನ್ನ ತಂಗಿಯ ಗಂಡ ಬ್ಯಾಂಕಿನಲ್ಲಿ ಮ್ಯಾನೇಜರು. ಒಮ್ಮೆ ಅವರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಯಾರದೋ ಒದ್ದೆ ಬಚ್ಚಲಲ್ಲಿ ಕೂತು "ಮಾವಾ, ಮಾವಾ" ಎನ್ನುತ್ತಿದ್ದರೆ, ಇತ್ತ ಮಾವ ಆರಾಮಾಗಿ ಮನೆಯವರು ಕೊಟ್ಟ ಕಾಫಿ ಕುಡಿಯುತ್ತಿದ್ದರು. ಮಾತಿನ ಭರದಲ್ಲಿ ಮ್ಯಾನೇಜರನ್ನು ಎಲ್ಲರೂ ಮರೆತರು. ಹೊರಗೆ ಬಂದಾಗ ಅವರ ಪ್ಯಾಂಟಿನ ಸ್ಥಿತಿಯನ್ನು ನಾನು ವರ್ಣಿಸಲಾರೆ. ಆ ಮನೆಯೂ ಹೋಯಿತು.

ಮಾವ ಭದ್ರಾವತಿಯ ಕಾರ್ಖಾನೆಯಲ್ಲಿ ಯಂತ್ರಗಳ ಗದ್ದಲದ ನಡುವೆಯೇ ಆಯುಷ್ಯ ಕಳೆದವರು. ಅವರು "ಕಾಫಿ ಆಯ್ತಾ" ಎಂದರೆ ಪಕ್ಕದ ಮನೆಯವರು ಜಗಳ ಬಿಡಿಸಲು ಓಡಿ ಬರುತ್ತಾರೆ. ನಮ್ಮ ಮಾತಿಗೆ ಕಿವಿಗೊಡುವ ಅಭ್ಯಾಸವಂತೂ ಇಲ್ಲವೇ ಇಲ್ಲ. ಹಟಮಾರಿ, ತನಗೆ ಬೇಕಾದ್ದನ್ನು ಮಾತ್ರ ಕೇಳುತ್ತಾರೆ ಎಂದು ಸ್ವತಃ ಅತ್ತೆಯೇ ಸರ್ಟಿಫಿಕೇಟು ಕೊಟ್ಟಿದ್ದಾರೆ. ನಿವೃತ್ತಿಯಾದ ಮೇಲೆ ಶಿವಮೊಗ್ಗದ ಆಲ್ಕೊಳದಲ್ಲಿ ದೊಡ್ಡ ಮನೆ ಕೊಂಡಿದ್ದರು. ಅಲ್ಲಿ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡರು. ಅವರು ಆಸ್ಪತ್ರೆಯಿಂದ ಬಂದದ್ದೇ ತಡ, ಮಾವ ಆ ಮನೆ ಮಾರಿ ಭದ್ರಾವತಿಯ ಒಂದು ಪುಟ್ಟ ಮನೆಗೆ ವಾಪಸು ಹೋದರು. ಅಲ್ಲಿ ಮಂಚದಿಂದ ಕಾಲು ಚಾಚಿದರೆ ಬಚ್ಚಲ ಬಾಗಿಲು ತಾಗುತ್ತದೆ.

ಈ ಸಲ ಮನೆ ಕೊಳ್ಳುವ ಸರದಿ ನನ್ನದು. ಶಿವಮೊಗ್ಗದ ರಾಗಿಗುಡ್ಡದ ಹತ್ತಿರ ನಾವಿರುವುದು ಮಹಡಿಯ ಬಾಡಿಗೆ ಮನೆ. ಮಂಡಿನೋವಿನ ಅಮ್ಮ ಆ ಮೆಟ್ಟಿಲಿಳಿದು ತಿಂಗಳುಗಳೇ ಆಗಿದ್ದವು. ಕಿಟಕಿಯಲ್ಲಿ ಕೂತು, ಕೆಳಗೆ ಹೋಗುವ ಹೂವಿನವಳ ಜೊತೆ ಮಾತಾಡುವುದೇ ಅವರ ತಿರುಗಾಟ. ಹೇಗಾದರೂ ಅವರನ್ನು ನೆಲಮಹಡಿಯ ಮನೆಗೆ ಇಳಿಸಬೇಕಿತ್ತು.

ಆಗ ಸಿಕ್ಕಿತು ಪೇಟೆಯ ಹಳೇ ಬೀದಿಯ ಆ ಮನೆ. ಸೈಟು ನೋಡಿದರೆ ನಗು ಬರಬೇಕು, ಅಷ್ಟು ಚಿಕ್ಕದು. ಸ್ಕೂಟರು ಬೀದಿಯಲ್ಲೇ ನಿಲ್ಲಬೇಕು. ಅಡುಗೆಮನೆ ಕಿಟಕಿಯಿಂದ ಕೈ ಚಾಚಿದರೆ ಪಕ್ಕದವರ ಗೋಡೆ. ಮಲ್ಲಿಗೆ ಬಳ್ಳಿ ಎಲ್ಲಿ ಹಬ್ಬಿಸಲಿ ಎಂದು ನನ್ನ ಹೆಂಡತಿ ಮುಖ ಊದಿಸಿದಳು. ಆದರೆ ಒಳಗೆ ಹೋದರೆ ಕೋಣೆಯ ಹಿಂದೆ ಕೋಣೆ, ಮುಗಿಯುವುದೇ ಇಲ್ಲ! ಕಾಲಿಗೆ ತಂಪಾದ ಕೆಂಪು ಗಾರೆ ನೆಲ, ಸಾಗುವಾನಿ ಬಾಗಿಲು, ಅಮ್ಮನಿಗೆ ಕೆಳಗೇ ಒಂದು ದೊಡ್ಡ ಕೋಣೆ. ಮುಂದೆ ಜಗಲಿ, ಜಗಲಿಯ ಮುಂದೆಯೇ ಹೂವಿನವಳು. ಹೆಂಡತಿಯ ಮುಖದ ಊತ ತಾನಾಗಿಯೇ ಇಳಿಯಿತು.

ತೊಂದರೆ ಎರಡು. ಹೊಳಲೂರಿನವರೊಬ್ಬರು ಸಂಜೆಯೊಳಗೆ ಮುಂಗಡ ತರುವುದಾಗಿ ಹೇಳಿದ್ದರು. ನನ್ನ ಮಾತು ಅಷ್ಟರೊಳಗೆ ಬರದಿದ್ದರೆ ಮನೆ ಅವರಿಗೇ ಎಂದು ಮನೆಯ ಒಡತಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಇನ್ನೊಂದು, ತನ್ನ ತಮ್ಮ ಒಪ್ಪದ ಮನೆಯಲ್ಲಿ ತಾನು ಇರುವುದಿಲ್ಲವೆಂದು ಅಮ್ಮನ ಹಟ. ಹೇಳಿ, ನಾನೇನು ಮಾಡಬೇಕಿತ್ತು?

ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಮಹಡಿಯಿಂದ ಇಳಿಸಿ ಆ ಮನೆಗೆ ಕರೆತಂದೆವು. ಮಾವ ಭದ್ರಾವತಿಯಿಂದ ಬರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಬಂದವರೇ ಹಾಲಿನಲ್ಲಿ ಕೂತರು. ನಾನು ಬಚ್ಚಲಿಗೆ ಹೊರಟರೆ ಅಮ್ಮ ತಡೆದರು. "ನಾನೇ ಹೋಗ್ತೀನಿ. ಇಲ್ಲಿ ಇರೋಳು ನಾನು ತಾನೇ." ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು.

"ತಮ್ಮಾ."

ನನಗೆ ಸ್ಪಷ್ಟವಾಗಿ ಕೇಳಿಸಿತು. ಹೆಂಡತಿ ನನ್ನತ್ತ ನೋಡಿ ನಕ್ಕಳು. ಜಗಲಿಯಲ್ಲಿದ್ದ ಒಡತಿಯೂ ತಿರುಗಿ ನೋಡಿದರು. ಮಾವ ಮಾತ್ರ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಗೋಡೆ ನೋಡುತ್ತ ಕೂತಿದ್ದರು.

"ತಮ್ಮಾ." ಮತ್ತೆ ಬಂತು.

"ಅಕ್ಕಂಗೆ ಕರೆಯೋಕೆ ಹೇಳು ಮಾರಾಯ," ಮಾವ ಗರ್ಜಿಸಿದರು. "ಎಷ್ಟೊತ್ತು ಕೂರೋದು?"

ಬೀದಿಯಲ್ಲಿ ಬೈಕೊಂದು ಬಂದು ನಿಂತ ಸದ್ದು. ಹೊಳಲೂರಿನವರೇ! ನನಗೆ ಕೋಪ, ಅಳು ಎರಡೂ ಒಟ್ಟಿಗೆ ಬಂದವು. "ಕರೀತಿದಾರಲ್ಲ ಮಾವ," ಎಂದೆ.

ಮಾವ ನನ್ನ ತುಟಿಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಹೆಂಡತಿಯ ಮುಖ ನೋಡಿದರು, ಒಡತಿಯ ಮುಖ ನೋಡಿದರು. ಒಳಗಿನಿಂದ ಅಮ್ಮ ಇನ್ನೊಮ್ಮೆ ಕರೆದರು. ನಾವೆಲ್ಲ ಒಟ್ಟಿಗೆ ಆ ಕಡೆ ತಿರುಗಿದ್ದನ್ನೂ ಮಾವ ನೋಡಿದರು.

"ನಿಮಗೆಲ್ಲ ಕೇಳಿಸ್ತಾ ಇದೆಯಾ?" ಎಂದರು. ಮಾವ ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾನು ತಲೆಯಾಡಿಸಿದೆ.

"ಬಿದ್ದಾಗ ಕರೆದೆ, ತುಂಬ ಹೊತ್ತು ಕರೆದೆ ಅಂತ ನಿಮ್ಮತ್ತೆ ಹೇಳ್ತಾನೇ ಇದ್ಲು. ನಾನು ಅವತ್ತೂ ಹೀಗೇ ಹಾಲಲ್ಲಿ ಕೂತಿದ್ದೆ. ಮನೆ ದೊಡ್ಡದಾಯ್ತು, ಅದಕ್ಕೇ ಕೇಳಿಸ್ಲಿಲ್ಲ ಅಂದ್ಕೊಂಡೆ." ಮಂಡಿಗೆ ಕೈ ಊರಿ ಎದ್ದರು. "ಮುಂಗಡ ಕೊಟ್ಟುಬಿಡು. ಮನೇದೇನೂ ತಪ್ಪಿಲ್ಲ."

ತಾವೇ ಹೋಗಿ ಬಚ್ಚಲ ಬಾಗಿಲು ತಟ್ಟಿ, ಅಕ್ಕನ ಕೈ ಹಿಡಿದು ನಡೆಸಿಕೊಂಡು ಬಂದು ಜಗಲಿಯಲ್ಲಿ ಕೂರಿಸಿದರು. ನಾನು ಹೊಳಲೂರಿನವರಿಗಿಂತ ಮೊದಲು ಒಡತಿಯ ಕೈಗೆ ಮುಂಗಡ ಇಟ್ಟೆ. ಗೆದ್ದ ಖುಷಿ ಮಾತ್ರ ಆಗಲಿಲ್ಲ. ಮಾವನ ಮುಖ ನೋಡಿ ಸಂಕಟವಾಗುತ್ತಿತ್ತು.

ಸಂಜೆ ಅವರನ್ನು ಭದ್ರಾವತಿಗೆ ಬಿಡಲು ನಾನೇ ಹೋದೆ. ಅತ್ತೆ ವಾಕರ್ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಇದೂ ಫೇಲಾ?" ಎಂದು ನಕ್ಕರು.

ಮಾವ ಅವರ ಎದುರಿಗೆ ಹೋಗಿ ನಿಂತರು. "ಮನೆ ಪಾಸು ಕಣೇ. ನಾನೇ ಫೇಲು. ಅವತ್ತೂ ನಾನೇ."

ಅತ್ತೆಯ ನಗು ನಿಂತಿತು. ವಾಕರಿನಿಂದ ಒಂದು ಕೈ ಬಿಡಿಸಿ ಮಾವನ ಭುಜ ಹಿಡಿದರು. ಅವರ ಕಿವಿಗೆ ಬಾಯಿ ಹತ್ತಿರ ತಂದು, ಅಷ್ಟು ಮೆತ್ತಗಿನ ಹೆಂಗಸು, ಇಡೀ ಬೀದಿಗೆ ಕೇಳುವ ಹಾಗೆ ಕೂಗಿ ಹೇಳಿದರು:

"ನಂಗೆ ಅವತ್ತೇ ಗೊತ್ತಿತ್ತು ರೀ. ಬನ್ನಿ ಒಳಗೆ, ಕಾಫಿ ಆರಿ ಹೋಗತ್ತೆ."