ಚಪಾತಿ ಮಣೆಗೆ ಮೊಳೆ

ಅವತ್ತೂ ಎಂದಿನಂತೆ ಹಾಲು ಕಾಯಿಸಿ, ಉಪ್ಪಿಟ್ಟಿಗೆ ರವೆ ಹುರಿದಿಟ್ಟು, ಬಟ್ಟೆ ಒಣಹಾಕಲು ತಾರಸಿಗೆ ಹೋದರೆ ಚಿಕ್ಕಮಾವ ನನ್ನ ಚಪಾತಿ ಮಣೆಗೆ ಸಾಲಾಗಿ ಮೊಳೆ ಹೊಡೆಯುತ್ತಿದ್ದರು. ಚಟ್ನಿಪುಡಿಯ ಡಬ್ಬಿಯಿಂದ ದಾರ ತೆಗೆಯಲು ಹೊರಟ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬರಿದ್ದರೆ ಹೇಳಿ, ಹೋಗಿ ನಮಸ್ಕಾರ ಮಾಡಿ ಬರುತ್ತೇನೆ!

ತಪ್ಪು ನನ್ನದೇ. ಲಿನನ್ ಬಟ್ಟೆಯಾಗುವುದು ಅಗಸೆ ಗಿಡದ ನಾರಿನಿಂದ ಎಂದು ಕಾನ್ವೆಂಟಿನ ಹೊಲಿಗೆ ಟೀಚರ್ ಹೇಳಿದ್ದನ್ನು ಊಟದ ಹೊತ್ತಿನಲ್ಲಿ ಬಾಯಿಬಿಟ್ಟೆ. ಮರುದಿನ ಚಟ್ನಿಪುಡಿಗೆಂದು ಇಟ್ಟಿದ್ದ ಅಗಸೆಬೀಜದ ಡಬ್ಬಿ ಖಾಲಿ, ತಾರಸಿಯ ಕುಂಡಗಳು ಭರ್ತಿ!

ಆಗ ಮನೆಯಲ್ಲಿದ್ದ ಚಿಂತೆಯೇ ಬೇರೆ. ಲಕ್ವ ಹೊಡೆದ ಮೇಲೆ ಚಿಕ್ಕತ್ತೆಯ ಬಲಗೈ ಮಡಿಲಿನಲ್ಲೇ ಮಲಗಿಬಿಟ್ಟಿತ್ತು. ಬೆರಳು ಆಡಿಸದಿದ್ದರೆ ಕೈ ಹಾಗೇ ಉಳಿದುಬಿಡುತ್ತದೆ ಎಂದಿದ್ದರು ಡಾಕ್ಟರು. ಹಿಚುಕಲು ಕೊಟ್ಟ ರಬ್ಬರ್ ಚೆಂಡನ್ನು ಚಿಕ್ಕತ್ತೆ, ತಾನೇನು ಮಗುವೇ ಎಂದು ಎಡಗೈಯಲ್ಲಿ ಎಸೆದಿದ್ದರು. ನಮ್ಮ ಈ ಕೊಡಿಗೇಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಕೆರೆಯಲ್ಲಿ ಕತ್ತಾಳೆ ಕೊಳೆಹಾಕಿ, ನಾರು ತೆಗೆದು, ಹಗ್ಗ ಹೊಸೆದ ಕೈ ಅದು.

ಅಗಸೆ ನೀಲಿ ಹೂ ಬಿಟ್ಟು ಕಾಯಾಯಿತು. ಗಿಡ ಕಿತ್ತು, ಒಣಗಿಸಿ, ಕೊಳೆತು ನಾರು ಬಿಡಲೆಂದು ಡ್ರಮ್ಮಿನ ನೀರಿನಲ್ಲಿ ಮುಳುಗಿಸಿದರು. ನಾಲ್ಕನೇ ದಿನದ ವಾಸನೆಗೆ ಎದುರುಮನೆಯ ಸರಳಾ ಜನ ಕರೆಸಿ ರಸ್ತೆಯ ಮ್ಯಾನ್‌ಹೋಲುಗಳನ್ನೆಲ್ಲ ತೆಗೆಸಿದರು. ಚಿಕ್ಕಮಾವ ಅವರ ಪಕ್ಕದಲ್ಲೇ ನಿಂತು, ತಾವೂ ಬಗ್ಗಿ ಬಗ್ಗಿ ನೋಡಿದರು!

ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರಿಗೆ ಉಪಕರಣ ಕೊಳ್ಳುವುದೆಂದರೆ ಅವಮಾನ. ಹಳೆಯ ಮಂಚದ ಹಲಗೆಗಳು ಕಾಂಡ ಮುರಿಯುವ ಯಂತ್ರವಾದವು. ನನ್ನ ಮರದ ಸೌಟು ಸಿಪ್ಪೆ ಬಡಿಯುವ ಕತ್ತಿಯಾಯಿತು. ಈಗ ನಾರು ಬಾಚಲು ಈ ಮೊಳೆಯ ಮಣೆ.

"ಚಪಾತಿ ಎಲ್ಲಿ ಲಟ್ಟಿಸ್ಲಿ ಮಾವ?"

"ಇವತ್ತಿಂದ ಮುದ್ದೆ ಮಾಡಮ್ಮ. ಆರೋಗ್ಯಕ್ಕೆ ಒಳ್ಳೇದು."

ಮಣೆಯನ್ನು ಕೆಳಗೆ ತಂದು, ಚಿಕ್ಕತ್ತೆಯ ಕುರ್ಚಿಯ ಎದುರಿಗೇ ಕೂತು, ನಾರಿನ ಹಿಡಿಯನ್ನು ನಡುಮಧ್ಯದಿಂದ ಮೊಳೆಗಳಿಗೆ ಸಿಕ್ಕಿಸಿ ಎಳೆದರು. ಅರ್ಧ ನಾರು ಗಂಟಾಗಿ ಕಿತ್ತುಬಂತು. ಇನ್ನೊಮ್ಮೆಯೂ ಹಾಗೇ.

"ತುದೀಂದ ಬಾಚ್ಬೇಕು," ಎಂದರು ಚಿಕ್ಕತ್ತೆ. "ಇಂಗ್ ಎಳುದ್ರೆ ಹರೀದೆ ಇನ್ನೇನಾಯ್ತದೆ? ಕೊಡಿ ಇತ್ಲಾಗೆ."

ಎಡಗೈ ನಾರು ಹಿಡಿದು ತುದಿಯಿಂದ ಬಾಚಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಲಗೈ ಮಡಿಲಿನಿಂದ ಸರಿದು, ತೊಡೆಯ ಮೇಲೆ ನಾರನ್ನು ಒತ್ತಿ, ಹಗ್ಗ ಹೊಸೆಯುವಂತೆ ಮೆಲ್ಲಗೆ ಮುಂದಕ್ಕೆ ಉರುಳಿಸಿತು. ಚಿಕ್ಕಮಾವ ಬೇಕಿಲ್ಲದ ಒಂದು ಮೊಳೆಯನ್ನು ಹುಡುಕತೊಡಗಿದರು.

ಮಾವ ಅಡುಗೆಮನೆಗೆ ನೀರಿಗೆ ಬಂದಾಗ, ಬೇಕಂತಲೇ ತಪ್ಪು ಬಾಚಿದಿರಾ ಎಂದು ಕೇಳಿದೆ.

"ಚೆಂಡಲ್ಲಿ ತಪ್ಪು ಹುಡುಕೋಕೆ ಅವ್ಳಿಗೆ ಏನೂ ಇರ್ಲಿಲ್ಲಮ್ಮ," ಎಂದರು.

ಮಧ್ಯಾಹ್ನದ ಹೊತ್ತಿಗೆ ಎರಡು ಗೇಣು ದಾರವಾಗಿತ್ತು. ಚಿಕ್ಕತ್ತೆ ಅದರಲ್ಲಿ, ಹಲ್ಲು ಕಚ್ಚಿಕೊಂಡು, ಹನ್ನೆರಡು ಮಲ್ಲಿಗೆ ಮೊಗ್ಗು ಕಟ್ಟಿ ನನ್ನ ಕೈಗಿತ್ತರು.

ಸಂಜೆ ಗೇಟಿನ ಬಳಿ ಸರಳಾ ನನ್ನ ಜಡೆ ನೋಡಿ ನಿಂತರು.

"ಯಾರ ಹತ್ರ ತಗೊಂಡ್ರಿ ಹೂವು? ಬಲೇ ಸಡಿಲ ಕಟ್ಟಿದಾರೆ ಕಣ್ರೀ."